ಕೆಳಗಿನ ಬಾಚಿಹಲ್ಲಿಗೆ ಮತ್ತೊಮ್ಮೆ ರೂಟ್ ಕೆನಾಲ್: ಉಳಿದುಹೋದ ನಾಳವನ್ನು ಹುಡುಕುವ ಬಗೆ

ಕೆಳದವಡೆಯ ಬಾಚಿಹಲ್ಲಿಗೆ ಹಿಂದೆಂದೋ ರೂಟ್ ಕೆನಾಲ್ (ಬೇರಿನೊಳಗಿನ ನಾಳವನ್ನು ಶುಚಿಮಾಡಿ ತುಂಬುವ ಚಿಕಿತ್ಸೆ) ಆಗಿದ್ದು, ನಾಳಕ್ಕೆ ತುಂಬುವ ರಬ್ಬರಿನಂಥ ಗಟ್ಟಾಪರ್ಚಾ ಬೇರಿನ ತುದಿಯವರೆಗೂ ಅಚ್ಚುಕಟ್ಟಾಗಿ ಕೂತಂತೆ ಎಕ್ಸ್-ರೇಯಲ್ಲಿ ಕಂಡರೂ ಒಸಡಿನಲ್ಲಿ ಕೀವಿನ ಗುಳ್ಳೆ ಮತ್ತೆ ಮತ್ತೆ ಏಳುತ್ತಿದ್ದರೆ, ನಾಲಿಗೆಯ ಬದಿಯಲ್ಲಿ ಎರಡನೆಯ ನಾಳವೊಂದು ಶುಚಿಯಾಗದೆ ಉಳಿದಿದೆಯೇ ಎಂದು ಮೊದಲು ನೋಡಬೇಕು. ಈ ಹಲ್ಲಿನ ಬೇರು ಅಕ್ಕಪಕ್ಕದಲ್ಲಿ ಚಪ್ಪಟೆ, ತುಟಿಯಿಂದ ನಾಲಿಗೆಯತ್ತ ಅಗಲ. ನಾಳಗಳು ಒಂದರ ಹಿಂದೊಂದು ಇರುವುದರಿಂದ ನೇರ ಚಿತ್ರದಲ್ಲಿ ಒಂದೇ ಗೆರೆಯಾಗಿ ಬೆರೆತುಹೋಗುತ್ತವೆ. ಎಕ್ಸ್-ರೇ ಟ್ಯೂಬನ್ನು ಅಡ್ಡಲಾಗಿ ಸುಮಾರು 20 ಡಿಗ್ರಿ ಸರಿಸಿ ತೆಗೆದ ಇನ್ನೊಂದು ಚಿತ್ರದಲ್ಲಿ ಹಳೆಯ ಗಟ್ಟಾಪರ್ಚಾ ಬೇರಿನ ನಡುವಿಲ್ಲದೆ ಒಂದು ಬದಿಗೆ ಸರಿದಿದ್ದರೆ ಅನುಮಾನ ಬಲವಾಗುತ್ತದೆ. ಆಗಲೂ ಸ್ಪಷ್ಟವಾಗದಿದ್ದರೆ ಆ ಭಾಗಕ್ಕಷ್ಟೇ ಸಿಬಿಸಿಟಿ, ಅಂದರೆ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್, ಮಾಡಿಸಬಹುದು.

ಹಲ್ಲನ್ನು ಎಂಜಲಿನಿಂದ ಬೇರ್ಪಡಿಸುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಹಾಕಿದ ಮೇಲೆ ಹಿಂದಿನ ಚಿಕಿತ್ಸೆಗೆ ಕೊರೆದ ಹಳೆಯ ರಂಧ್ರವನ್ನೇ ನಂಬಿ ಕೆಳಗಿಳಿಯಬಾರದು. ಹಲ್ಲು ಕೊರೆಯುವ ಬರ್ ಸಹಜವಾಗಿ ತುಟಿಯ ಬದಿಯ ನಾಳದತ್ತಲೇ ಜಾರುತ್ತದೆ. ಇನ್ನೊಂದರ ಬಾಯಿ ನಾಲಿಗೆಯ ಕಡೆಯ ಉಬ್ಬಿನ ಕೆಳಗೆ, ಡೆಂಟಿನ್ನಿನ (ಹಲ್ಲಿನ ಒಳಪದರದ) ಅಂಚಿನಡಿ ಮರೆಯಾಗಿರುತ್ತದೆ. ಆದ್ದರಿಂದ ರಂಧ್ರವನ್ನು ಹಲ್ಲಿನ ಅಂಚಿನತ್ತಲೂ ನಾಲಿಗೆಯತ್ತಲೂ ಉದ್ದ ಮಾಡಬೇಕೇ ಹೊರತು ಅಕ್ಕಪಕ್ಕಕ್ಕೆ ಅಗಲಿಸಬಾರದು, ಏಕೆಂದರೆ ಅಲ್ಲಿ ಬೇರಿನ ಗೋಡೆ ತೆಳುವಾಗಿದ್ದು ತೂತಾಗುವ ಭಯವಿದೆ. ಗಟ್ಟಾಪರ್ಚಾದ ಮೇಲ್ಭಾಗವನ್ನು ಬಿಸಿಯಿಂದ ಮೆದುಗೊಳಿಸಿ ಎಚ್-ಫೈಲಿನಿಂದ (ಚೂಪು ಅಂಚುಗಳ ಸಣ್ಣ ಅರದಂಥ ಉಪಕರಣ) ಎಳೆದು ತೆಗೆಯುವುದು ಒಳ್ಳೆಯದು. ಎರಡನೆಯ ನಾಳ ಸಿಗುವವರೆಗೆ ದ್ರಾವಕ ಬಳಸದಿರುವುದೇ ನನ್ನ ರೂಢಿ. ಕರಗಿದ ಗುಲಾಬಿ ಬಣ್ಣದ ಪೊರೆ ಹುಡುಕುತ್ತಿರುವ ಬಾಯಿಯನ್ನೇ ಮುಚ್ಚಿಬಿಡುತ್ತದೆ.

ಮೂಡಿಗೆರೆ ಕಡೆಯ ಕಾಫಿ ತೋಟದಿಂದ ಚಿಕ್ಕಮಗಳೂರಿಗೆ ಬಂದಿದ್ದ ಒಬ್ಬ ಹೆಂಗಸಿನ ಹಲ್ಲಿನಲ್ಲಿ, ನಾಳ ತೊಳೆಯುವ ಸೋಡಿಯಂ ಹೈಪೊಕ್ಲೋರೈಟ್ ದ್ರವ ತುಂಬಿ ಸೂಕ್ಷ್ಮದರ್ಶಕದಡಿ ಸುಮ್ಮನೆ ಕಾದಾಗ, ನಾಲಿಗೆಯ ಬದಿಯ ಒಂದೇ ಬಿಂದುವಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಒಳಗೆ ಜೀವಾಂಶ ಉಳಿದಿದೆ ಎಂಬುದಕ್ಕೆ ಅದು ಸೂಚನೆ. ತುದಿಯನ್ನು ಕೊಂಚ ಬಾಗಿಸಿದ 8ನೇ ನಂಬರಿನ ಫೈಲನ್ನು ಅಲ್ಲಿಟ್ಟು ಗಡಿಯಾರದ ಕೀಲಿ ಕೊಡುವಂತೆ ಮೆಲ್ಲಗೆ ಅತ್ತಿತ್ತ ತಿರುಗಿಸಿದಾಗ ಅದು ಕಚ್ಚಿ ಹಿಡಿಯಿತು. ಈ ಹಂತದಲ್ಲಿ ಬಲವಂತ ಕೂಡದು.

ಬೇರಿನ ತುದಿಯನ್ನು ಗುರುತಿಸುವ ವಿದ್ಯುನ್ಮಾನ ಸಾಧನವಾದ ಏಪೆಕ್ಸ್ ಲೊಕೇಟರಿನಿಂದ ನಾಳದ ಉದ್ದ ಅಳೆದು, ಪಕ್ಕದಲ್ಲಿ ರಂಧ್ರವಿರುವ ಸೂಜಿಯನ್ನು ನಾಳದಲ್ಲಿ ಬಿಗಿಯಾಗದಂತೆ, ತುದಿಗಿಂತ 2 ಮಿಲಿಮೀಟರ್ ಮೇಲೆಯೇ ನಿಲ್ಲಿಸಿ ಹೈಪೊಕ್ಲೋರೈಟಿನಿಂದ ತೊಳೆಯಬೇಕು. ಕೊನೆಯಲ್ಲಿ ನಾಳದ ಗೋಡೆಗೆ ಅಂಟಿದ ಪುಡಿಯ ಪೊರೆಯನ್ನು ತೆಗೆಯುವ 17 ಶೇಕಡಾ ಇಡಿಟಿಎ ದ್ರಾವಣ ಒಂದು ನಿಮಿಷ ಸಾಕು. ಸೋಂಕು ತಗ್ಗಿಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನಾಳದಲ್ಲಿ ಇಟ್ಟು ಒಂದೆರಡು ವಾರ ಬಿಡುವುದಾದರೆ, ಮಳೆಗಾಲದಲ್ಲಿ ಮಲೆನಾಡಿನವರು ಹೇಳಿದ ದಿನಕ್ಕೆ ಬರಲಾಗದಿರಬಹುದು ಎಂಬುದನ್ನು ನೆನಪಿಟ್ಟು, ತಾತ್ಕಾಲಿಕ ಮುಚ್ಚಳವನ್ನು ಹಲ್ಲಿಗೆ ಅಂಟುವ ಗ್ಲಾಸ್ ಅಯಾನೊಮರ್ ಸಿಮೆಂಟಿನಿಂದ ಕನಿಷ್ಠ 4 ಮಿಲಿಮೀಟರ್ ದಪ್ಪಕ್ಕೆ ಹಾಕಬೇಕು. ಗುಳ್ಳೆ ಬತ್ತಿದ ಮೇಲೆ ಎರಡೂ ನಾಳಗಳನ್ನು ತುಂಬಿ, ಅಂದೇ ಹಲ್ಲಿನ ಬಣ್ಣದ ಕಾಂಪೊಸಿಟ್‌ನಿಂದ ಮುಚ್ಚಿ, 6 ತಿಂಗಳಿಗೂ ಒಂದು ವರ್ಷಕ್ಕೂ ಅದೇ ಕೋನದಲ್ಲಿ ಎಕ್ಸ್-ರೇ ತೆಗೆದು ಬೇರಿನ ತುದಿಯ ಕಪ್ಪು ನೆರಳು ಕುಗ್ಗುತ್ತಿದೆಯೇ ಎಂದು ಹೋಲಿಸಿ ನೋಡಬೇಕು.