ಆಷಾಢದ ಗಾಳಿಗೆ ಮೊದಲು ಗಾಳಿಯಂತ್ರದ ಸರ್ವಿಸ್

ಸವದತ್ತಿ ಕಡೆಯ ಗುಡ್ಡಗಳಲ್ಲಿ ಮಳೆಗಾಲದ ಪಶ್ಚಿಮದ ಗಾಳಿಯೇ ಗಾಳಿಯಂತ್ರಗಳ ಸುಗ್ಗಿ. ಗಾಳಿಯ ವೇಗ ಸೆಕೆಂಡಿಗೆ 6 ಮೀಟರಿನಿಂದ 9ಕ್ಕೇರಿದರೆ ಅದರಲ್ಲಿರುವ ಶಕ್ತಿ ಸುಮಾರು 3.4 ಪಟ್ಟಾಗುತ್ತದೆ. ಆಷಾಢದಲ್ಲಿ ಯಂತ್ರ ನಿಂತರೆ ನಷ್ಟ ದೊಡ್ಡದು. ಆ ಗಾಳಿಯಲ್ಲಿ ರೆಕ್ಕೆಗಳು ಕೂಡುವ ನಡುಭಾಗವಾದ ಹಬ್‌ನೊಳಗೆ ಇಳಿದು ರಿಪೇರಿ ಮಾಡಲೂ ಆಗದು. ಹಾಗಾಗಿ ದೊಡ್ಡ ಸರ್ವಿಸ್ ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸುತ್ತೇವೆ.

ಮೊದಲು ನೋಡುವುದು ರೆಕ್ಕೆ ತಿರುಗಿಸುವ ಪಿಚ್ ಬ್ಯಾಟರಿ. ಬಿರುಗಾಳಿಗೆ ಲೈನ್ ಹೋದಾಗ ರೆಕ್ಕೆಯನ್ನು 90 ಡಿಗ್ರಿಗೆ ತಿರುಗಿಸಿ ಯಂತ್ರ ನಿಲ್ಲಿಸುವುದು ಇದೇ. ಬೇಸಿಗೆಯಲ್ಲಿ ಹಬ್‌ನೊಳಗೆ ಕುದಿಯುವ ಸೆಕೆ; 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಲೆಡ್ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಸುಮ್ಮನೆ ಮೀಟರ್ ಹಚ್ಚಿದರೆ ಸತ್ತ ಬ್ಯಾಟರಿಯೂ 12.6 ವೋಲ್ಟ್ ತೋರಿಸಬಹುದು. ಲೋಡ್ ಕೊಟ್ಟು ನೋಡಬೇಕು, 10.5ಕ್ಕಿಂತ ಕೆಳಗಿಳಿದರೆ ಆ ರೆಕ್ಕೆಯ ಇಡೀ ಸೆಟ್ ಬದಲಿಸುತ್ತೇವೆ. ಒಂದನ್ನೇ ಬದಲಿಸಿದರೆ ಹಳೆಯವು ಹೊಸದನ್ನೂ ಬೇಗ ಕೆಡಿಸುತ್ತವೆ.

ಬೋಲ್ಟ್‌ಗಳಲ್ಲಿ ಪ್ರತಿ ಫ್ಲ್ಯಾಂಜಿಗೆ, ಅಂದರೆ ಎರಡು ಭಾಗ ಜೋಡಿಸುವ ಅಂಚಿನ ಬಳೆಗೆ, ಹತ್ತರಲ್ಲಿ ಒಂದಕ್ಕೆ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ನೋಡುತ್ತೇವೆ. ನಟ್ಟಿನಿಂದ ಫ್ಲ್ಯಾಂಜಿನವರೆಗೆ ಎಳೆದ ಬಿಳಿ ಮಾರ್ಕರ್ ಗೆರೆ ಕೂದಲೆಳೆಯಷ್ಟು ಜರುಗಿದ್ದರೂ ಆ ಸುತ್ತಿನ ಎಲ್ಲ ಬೋಲ್ಟ್ ಬಿಗಿ ನೋಡಲೇಬೇಕು. ಬೋಲ್ಟಿನ ತುಕ್ಕು ಹಿಡಿದ ಒಣ ಥ್ರೆಡ್‌ನಲ್ಲಿ ಘರ್ಷಣೆಯೇ ಟಾರ್ಕನ್ನು ನುಂಗುತ್ತದೆ: ರೆಂಚ್ ಟಕ್ ಎನ್ನುತ್ತದೆ, ಬೋಲ್ಟಿಗೆ ಬೇಕಾದ ಎಳೆತ ಬಂದಿರುವುದಿಲ್ಲ.

ಏಪ್ರಿಲ್, ಮೇ ಸಿಡಿಲಿನ ಕಾಲವೂ ಹೌದು. ಎರೆ ಭೂಮಿ ಒಣಗಿ ಬಿರುಕು ಬಿಟ್ಟಾಗ ಮಣ್ಣು ಸಿಡಿಲನ್ನು ನೆಲಕ್ಕಿಳಿಸುವ ಅರ್ತಿಂಗ್ ರಾಡನ್ನು ಬಿಟ್ಟು ಸರಿಯುತ್ತದೆ, ಅದಕ್ಕೇ ಅರ್ತಿಂಗ್ ರೋಧದ ಅಳತೆ ಆಗಲೇ ಆಗಬೇಕು. 10 ಓಮ್‌ಗಿಂತ ಹೆಚ್ಚಿದ್ದರೆ ಇನ್ನೊಂದು ರಾಡ್ ಇಳಿಸುತ್ತೇವೆ. ಅಳೆಯುವ ಮೊದಲು ಗುಂಡಿಗೆ ನೀರು ಸುರಿಯುವ ರೂಢಿ ಕೆಲವರಿಗಿದೆ. ಅದನ್ನು ಬಿಡಿ, ರೀಡಿಂಗ್ ಚಂದ ಬರುತ್ತದೆ, ಸಿಡಿಲು ಬೀಳುವ ಹೊತ್ತಿಗೆ ಆ ನೀರಿರುವುದಿಲ್ಲ. ರೆಕ್ಕೆ ತುದಿಯ ಲೋಹದ ಬಿಲ್ಲೆಯಿಂದ ಬುಡದವರೆಗೆ ತಂತಿ ಎಲ್ಲೂ ಕಡಿದಿಲ್ಲವೆಂದೂ ಮೀಟರ್ ಹಚ್ಚಿ ನೋಡಬೇಕು.

ಗಾಳಿದಿಕ್ಕು ತೋರಿಸುವ ವೇನ್‌ನ ಸ್ಕ್ರೂ ಸಡಿಲಾಗಿ 10 ಡಿಗ್ರಿ ಓರೆಯಾದರೆ ಉತ್ಪಾದನೆ ನೂರಕ್ಕೆ ಮೂರ್ನಾಲ್ಕು ಪಾಲು ಇಳಿಯುತ್ತದೆ, ಯಾವ ಅಲಾರಂ ಕೂಡ ಬರುವುದಿಲ್ಲ. ವಿದ್ಯುತ್ತನ್ನು ಲೈನಿಗೆ ಹೊಂದಿಸುವ ಕನ್ವರ್ಟರಿನ ಗಾಳಿ ಫಿಲ್ಟರಿನ ಧೂಳು ಮಾತ್ರ ಕೊನೆಗೆ, ಮೇ ಕೊನೆಯ ವಾರದಲ್ಲಿ ತೆಗೆಯುತ್ತೇವೆ. ಮೊದಲೇ ತೆಗೆದರೆ ಹೊಲ ಹರಗುವಾಗ ಏಳುವ ಧೂಳು ಮತ್ತೆ ಕೂರುತ್ತದೆ, ಜುಲೈಯಲ್ಲಿ ಫುಲ್ ಲೋಡಿಗೆ ಬಂದ ಯಂತ್ರ ಸೆಕೆಗೆ ಟ್ರಿಪ್ ಆಗುತ್ತದೆ.