ನೆರವು ಹಂಚಿದ ಮೇಲೆ ಏನಾಯಿತು? ತಿಳಿಯುವುದು ಹೀಗೆ

ಊರಲ್ಲಿ ನೆರೆ ಬಂತು ಅಂದರೆ ಮುಂಬೈ ಕನ್ನಡಿಗರು ಸುಮ್ಮನೆ ಕೂರುವುದಿಲ್ಲ. ಅಕ್ಕಿ, ಕಂಬಳಿ ಲಾರಿ ಹತ್ತುತ್ತವೆ. ಆ ಸಾಮಾನು ಯಾರಿಗೆ ಸಿಕ್ಕಿತು, ಏನಾಯಿತು ಅಂತ ಕೇಳುವವರು ಕಡಿಮೆ. ಜನರ ನಡುವೆ ಕೂತು ಅವರ ಬದುಕನ್ನು ಅರಿಯುವ ಮಾನವಶಾಸ್ತ್ರದವರು ಅದನ್ನೇ ಕೇಳುತ್ತಾರೆ. ಕನ್ನಡ ಸಂಘದ ಹುಡುಗ ಹುಡುಗಿಯರೂ ಈ ಕೆಲಸ ಕಲಿಯಬಹುದು, ಕಲಿಯಲೇಬೇಕು.

ಮೊದಲು ನೆರೆ ಕಂಡ ಒಂದು ಗಲ್ಲಿ ಆರಿಸಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಮೀಠಿ ನದಿ ಉಕ್ಕಿತು. ಕುರ್ಲಾ, ಕಲೀನಾದಲ್ಲಿ ಆ ನೀರು ಕಂಡವರು ಈಗಲೂ ಸಿಗುತ್ತಾರೆ. ಹೊಸ ದುರಂತವಾದರೆ ಮೊದಲ ವಾರವೇ ನೋಟ್‌ಬುಕ್ ಹಿಡಿದು ಹೋಗಬೇಡಿ. ಆಗ ಕೆಸರು ಎತ್ತುವ ಕೈ ಬೇಕು.

ಮಾತಿಗೆ ಕೂತಾಗ "ಸಹಾಯ ಸಿಕ್ತಾ?" ಅಂದರೆ "ಸಿಕ್ತು" ಅಂತ ಮುಗಿಯುತ್ತದೆ. ಅದರ ಬದಲು ಒಂದು ವಸ್ತುವಿನ ಬೆನ್ನು ಹತ್ತಿ. "ಅಕ್ಕಾ, ಈ ಕಂಬಳಿ ಯಾರು ತಂದ್ರು? ಪಟ್ಟಿ ಯಾರು ಬರೆದ್ರು? ಯಾರ ಹೆಸರು ಬಿಟ್ಟುಹೋಯ್ತು?" ಕಲಬುರಗಿ ಕಡೆಯಿಂದ ದುಡಿಯಲು ಬಂದವರ ರೇಷನ್ ಕಾರ್ಡ್ ಊರಲ್ಲೇ ಇರಬಹುದು. ಬಾಡಿಗೆ ಖೋಲಿಯಲ್ಲಿದ್ದವರು ಪಂಚನಾಮೆಯಲ್ಲಿ, ಅಂದರೆ ಸರಕಾರದವರು ಬರೆದುಕೊಳ್ಳುವ ನಷ್ಟದ ವರದಿಯಲ್ಲಿ, ಬಂದರೋ ಇಲ್ಲವೋ, ತಪ್ಪದೆ ಕೇಳಿ.

ಜನ ಬೇಡ ಅಂದದ್ದನ್ನೂ ಬರೆದುಕೊಳ್ಳಿ. 2004ರ ಸುನಾಮಿ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆ ಬಟ್ಟೆ ರಸ್ತೆ ಬದಿ ರಾಶಿ ಬಿದ್ದಿತ್ತು. ದುಡಿದು ಉಣ್ಣುವ ಮೀನುಗಾರರ ಮನೆಯವರಿಗೆ ಯಾರೋ ಉಟ್ಟು ಬಿಟ್ಟದ್ದನ್ನು ಉಡುವುದು ಮರ್ಯಾದೆಯ ಪ್ರಶ್ನೆ. ಕೊಡುವವರು ಇದನ್ನು ಯೋಚಿಸಿರಲಿಲ್ಲ.

ಆಮೇಲೆ ಮನೆ ನೋಡಿ. ಇದಕ್ಕೆ ಜಾಸ್ತಿ ಸಮಯ ಕೊಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೇ ಬಿದ್ದವು. ಆಮೇಲೆ ಕಟ್ಟಿದ ಹೊಸ ಊರುಗಳಲ್ಲಿ ನೇರ ರಸ್ತೆ, ಸಾಲು ಮನೆ. ಗೋಡೆ ಗಟ್ಟಿಯಾಯಿತು ನಿಜ. ಆದರೆ ಒಕ್ಕಲುತನದ ಮನೆಗೆ ದನ ಕಟ್ಟಲು, ಕಾಳು ಒಣಗಿಸಲು ಜಾಗ ಬೇಕಲ್ವಾ? ಅಣ್ಣ ತಮ್ಮಂದಿರ ಮನೆಗಳು ಹತ್ತಿರ ಇರಬೇಕಲ್ವಾ? ಇಂಥ ಊರಿಗೆ ಹೋದರೆ ಜನ ತಾವಾಗಿ ಸೇರಿಸಿಕೊಂಡದ್ದನ್ನು ಚಿತ್ರ ಬರೆದುಕೊಳ್ಳಿ: ಹೊರಗಿನ ಒಲೆ, ತಗಡಿನ ಕೊಟ್ಟಿಗೆ. ನಕ್ಷೆ ಹಾಕಿದವರು ಮರೆತದ್ದು ಅಲ್ಲಿ ಕಾಣುತ್ತದೆ.

ಬರೆಯುವಾಗ ಹೆಸರು ಬದಲಿಸಿ. ಪಟ್ಟಿಯ ಬಗ್ಗೆ ದೂರು ಹೇಳಿದವರಿಗೆ ನಾಳೆ ತೊಂದರೆಯಾಗಬಾರದು. ಬರೆದದ್ದನ್ನು ಅವರ ಮುಂದೆಯೇ ಓದಿ, ತಪ್ಪಿದ್ದರೆ ತಿದ್ದಿ. ಒಂದು ಪ್ರತಿಯನ್ನು ಮಳೆಗಾಲಕ್ಕೆ ಮುಂಚೆ ನಿಮ್ಮ ಸಂಘದ ಪರಿಹಾರ ಸಮಿತಿಗೆ ಕೊಡಿ.