ಅರವತ್ತು ದಾಟಿದ ಮೇಲೆ ತೂಕ ಇಳಿಸುವುದು: ತಕ್ಕಡಿಗಿಂತ ಮೊದಲು ಟೇಪು

40 ವರ್ಷ ಬೇರೆಯವರ ಮೈ ಅಳೆದು ಬಟ್ಟೆ ಹೊಲಿದವಳು ನಾನು. ಈಗ ನನಗೆ 67. ಎದುರು ನಿಂತವರ ಸೊಂಟ ಎಷ್ಟು, ತೋಳು ಎಷ್ಟು ಅಂತ ಟೇಪು ಹಿಡಿಯದೆಯೇ ಹೇಳಬಲ್ಲೆ. ಆದರೆ ನನ್ನದೇ ಮೈಯಲ್ಲಿ ಏನು ಕರಗುತ್ತಿದೆ ಅನ್ನುವುದು 61ನೇ ವಯಸ್ಸಿನಲ್ಲಿ ನನಗೆ ಗೊತ್ತಾಗಲಿಲ್ಲ.

ಆಗ ನನ್ನ ತೂಕ 74 ಕೆಜಿ. ಮಂಡಿ ನೋಯುತ್ತಿತ್ತು. ಪರಿಚಯದವರೊಬ್ಬರು ತರಕಾರಿ ಸೂಪು ಮತ್ತು ಹಣ್ಣಿನ ರಸದ ಡಯಟ್ ಹೇಳಿಕೊಟ್ಟರು. 11 ವಾರದಲ್ಲಿ 9 ಕೆಜಿ ಇಳಿದೆ. ನೋಡಿದವರೆಲ್ಲ ಹೊಗಳಿದರು. ಒಂದು ಮಧ್ಯಾಹ್ನ ಒಬ್ಬ ಹುಡುಗಿಯ ಉದ್ದ ಲಂಗದ ಅಂಚಿಗೆ ಗುಂಡುಸೂಜಿ ಚುಚ್ಚಲು ನೆಲದ ಮೇಲೆ ಮಂಡಿಯೂರಿ ಕೂತೆ. ಸೂಜಿ ಚುಚ್ಚಿ ಮುಗಿಯಿತು. ಏಳಲು ಆಗಲಿಲ್ಲ. ನೋವಿರಲಿಲ್ಲ, ತಲೆ ಸುತ್ತಲಿಲ್ಲ. ತೊಡೆಯಲ್ಲಿ ಬಲವೇ ಇರಲಿಲ್ಲ. ಕೊನೆಗೆ ಆ ಹುಡುಗಿಯೇ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.

ಡಾಕ್ಟರ ಹತ್ತಿರ ಹೋದಾಗ ಅವರು ತೂಕ ಕೇಳಲಿಲ್ಲ. "ಕೈ ಊರದೆ ಕುರ್ಚಿಯಿಂದ ಏಳ್ತೀರಾ ಅಮ್ಮಾ?" ಅಂತ ಕೇಳಿದರು. ಎದ್ದು ತೋರಿಸಲು ನನ್ನಿಂದ ಆಗಲಿಲ್ಲ.

ಆಗಿದ್ದು ಇಷ್ಟು. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ, ಇಳಿದದ್ದರಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಕೊಬ್ಬು ಆಗಿರುವುದಿಲ್ಲ. ಅದರಲ್ಲಿ ಮಾಂಸಖಂಡವೂ ಇರುತ್ತದೆ. 30 ವರ್ಷದವರು ಅದನ್ನು ಬೇಗ ತುಂಬಿಕೊಳ್ಳುತ್ತಾರೆ. ನಮಗೆ ಹಾಗಲ್ಲ. ವಯಸ್ಸಾಗುತ್ತಾ ಮಾಂಸಖಂಡ ತಾನಾಗಿಯೇ ಸವೆಯುತ್ತದೆ, 60ರ ನಂತರ ಇನ್ನೂ ಬೇಗ. ಇದಕ್ಕೆ ಸಾರ್ಕೋಪೀನಿಯ ಅಂತ ಹೆಸರು. ಗ್ರೀಕ್ ಭಾಷೆಯ 'ಮಾಂಸ', 'ಕೊರತೆ' ಎಂಬ ಎರಡು ಪದ ಸೇರಿಸಿ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಇಟ್ಟ ಹೆಸರು ಅದು. ಸೂಪು ಬಿಟ್ಟ ಒಂದೂವರೆ ವರ್ಷದಲ್ಲಿ ನಾನು 76 ಕೆಜಿ ಆದೆ. ಹೋದದ್ದು ಕೊಬ್ಬು ಮತ್ತು ಮಾಂಸ. ವಾಪಸ್ ಬಂದದ್ದು ಹೆಚ್ಚಾಗಿ ಕೊಬ್ಬು.

64ರಲ್ಲಿ ಮತ್ತೆ ಶುರು ಮಾಡಿದೆ. ಈ ಸಲ 16 ತಿಂಗಳು ಹಿಡಿಯಿತು, ಇಳಿದದ್ದು 7 ಕೆಜಿ. ಈಗ ನೆಲದಿಂದ ಒಬ್ಬಳೇ ಏಳುತ್ತೇನೆ. ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಮೊದಲು, ನಿಮಗೆ ಇಳಿಸುವ ಅಗತ್ಯ ಇದೆಯೇ?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. 65 ದಾಟಿದ ಮೇಲೆ ಸ್ವಲ್ಪ ಮೈ ಇದ್ದರೆ ಅದೇ ದೊಡ್ಡ ತೊಂದರೆ ಅಲ್ಲ. ಕಾಯಿಲೆ ಬಿದ್ದಾಗ ಅದು ಆಧಾರವೂ ಆಗುತ್ತದೆ. ಮಂಡಿನೋವು, ಸಕ್ಕರೆ ಕಾಯಿಲೆ, ನಡೆದರೆ ಏದುಸಿರು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇಂಥ ಕಾರಣ ಇದ್ದರೆ ಇಳಿಸುವುದರಲ್ಲಿ ಅರ್ಥವಿದೆ. ಹಳೆಯ ಫೋಟೋದಲ್ಲಿದ್ದ ಹಾಗೆ ಕಾಣಬೇಕು ಅನ್ನುವುದಷ್ಟೇ ಆಸೆಯಾದರೆ, ದಯವಿಟ್ಟು ಬಿಟ್ಟುಬಿಡಿ. ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಿಕೊಳ್ಳಿ, ಅದು ಒಂದು ಗಂಟೆಯ ಕೆಲಸ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಏನೂ ಪ್ರಯತ್ನ ಮಾಡದೆ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ. ಆರರಿಂದ ಹನ್ನೆರಡು ತಿಂಗಳಲ್ಲಿ ಮೈತೂಕದ ಶೇ. 5ರಷ್ಟು, ಅಂದರೆ 70 ಕೆಜಿ ಇದ್ದವರು 66.5ಕ್ಕೆ, ತಾನಾಗಿಯೇ ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ಒಬ್ಬ ಹಿರಿಯರು ನಾಲ್ಕು ತಿಂಗಳಲ್ಲಿ ಎರಡು ಸಲ ಪ್ಯಾಂಟಿನ ಸೊಂಟ ಬಿಗಿ ಮಾಡಿಸಲು ನನ್ನ ಹತ್ತಿರ ಬಂದರು. ತೆಳ್ಳಗಾದೆ ಅಂತ ಸಂತೋಷದಲ್ಲಿದ್ದರು. ಎರಡನೇ ಸಲ ನಾನು ಬಟ್ಟೆ ತೆಗೆದುಕೊಳ್ಳಲಿಲ್ಲ, ಮೊದಲು ಪರೀಕ್ಷೆ ಮಾಡಿಸಿ ಬನ್ನಿ ಅಂದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿತ್ತು.

ಟೇಪು, ಕುರ್ಚಿ, ಒಂದು ನೋಟ್‌ಬುಕ್

ತಕ್ಕಡಿ ಬೇಡ ಅಂತ ಅಲ್ಲ. ಆದರೆ ಅದು ಕೊಬ್ಬು, ಮಾಂಸ, ನೀರು ಎಲ್ಲವನ್ನೂ ಒಟ್ಟಿಗೆ ತೂಗುತ್ತದೆ. ಬೇರೆ ಬೇರೆ ಮಾಡಿ ಹೇಳುವುದಿಲ್ಲ. ಅದಕ್ಕೆ ನಾನು ತಿಂಗಳಿಗೊಮ್ಮೆ ಇನ್ನೂ ಮೂರು ಅಳತೆ ಬರೆದಿಡುತ್ತೇನೆ.

ಒಂದು ಸೊಂಟ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಎಷ್ಟು ಜನ ನನ್ನ ಮುಂದೆ ಹಾಗೆ ಮಾಡಿ, ಆಮೇಲೆ ಬಟ್ಟೆ ಬಿಗಿ ಅಂದಿದ್ದಾರೆ! ಈ ಸಂಖ್ಯೆ ಇಳಿಯಬೇಕು.

ಎರಡನೆಯದು ಮೀನಖಂಡ, ಮೊಣಕಾಲ ಕೆಳಗೆ ಹಿಂಭಾಗದಲ್ಲಿ ದಪ್ಪಗಿರುತ್ತದಲ್ಲ, ಅದು. ಅತಿ ದಪ್ಪ ಇರುವ ಜಾಗದಲ್ಲಿ, ಚರ್ಮ ಒತ್ತದ ಹಾಗೆ ಟೇಪು ಸುತ್ತಿ. ವಯಸ್ಸಾದವರ ಪೋಷಣೆ ಪರೀಕ್ಷಿಸುವಾಗ ಡಾಕ್ಟರುಗಳೂ ಇದನ್ನು ಅಳೆಯುತ್ತಾರೆ. 31 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಎಚ್ಚರ ವಹಿಸಬೇಕು. ಸೂಪಿನ ಡಯಟ್ ಆದ ಮೇಲೆ ನನ್ನದು 30.5 ಇತ್ತು. ಈ ಸಂಖ್ಯೆ ಇಳಿಯಬಾರದು. ಕಾಲು ಊದಿಕೊಂಡಿದ್ದರೆ ಮಾತ್ರ ಈ ಅಳತೆಯನ್ನು ನಂಬಬೇಡಿ.

ಮೂರನೆಯದು ಕುರ್ಚಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. 65ರಿಂದ 69 ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬಲ ಸಾಲದು ಅಂತ ಅರ್ಥ. ಬೀಳುವ ಭಯ ಇದ್ದರೆ ಪಕ್ಕದಲ್ಲಿ ಯಾರಾದರೂ ನಿಲ್ಲಲಿ. 64ರಲ್ಲಿ ನನಗೆ ಆರು ಸಲ ಆಗುತ್ತಿತ್ತು. ಈಗ ಹದಿಮೂರು.

ತಟ್ಟೆಯಲ್ಲಿ ಏನಿರಬೇಕು

ನನ್ನ ದೊಡ್ಡ ತಪ್ಪು ಇಲ್ಲೇ ಇತ್ತು. ಕಡಿಮೆ ತಿನ್ನಬೇಕು ಅಂತ ಹೊರಟಾಗ ನಾನು ಮೊದಲು ಬಿಟ್ಟದ್ದೇ ಪ್ರೋಟೀನು. ಕಾಳು ಭಾರ, ಮೊಟ್ಟೆ ಭಾರ, ಸೂಪು ಹಗುರ ಅಂದುಕೊಂಡಿದ್ದೆ.

ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಮೈತೂಕದ ಒಂದು ಕೆಜಿಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್. 65 ದಾಟಿದವರಿಗೆ ಅದು ಸಾಲದು, 1ರಿಂದ 1.2 ಗ್ರಾಂ ಬೇಕು ಅಂತ 2013ರಲ್ಲಿ ತಜ್ಞರ ಒಂದು ಅಂತರರಾಷ್ಟ್ರೀಯ ಗುಂಪು ಸಲಹೆ ಕೊಟ್ಟಿತು. ನಮ್ಮ ಮಾಂಸಖಂಡಕ್ಕೆ ಅದೇ ಕೆಲಸ ಮಾಡಲು ಜಾಸ್ತಿ ಪ್ರೋಟೀನ್ ಬೇಕಾಗುತ್ತದೆ, ಅದಕ್ಕೆ. 69 ಕೆಜಿ ಇರುವ ನನಗೆ ದಿನಕ್ಕೆ 69ರಿಂದ 83 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಈ ಲೆಕ್ಕ ಹಿಡಿಯಬಾರದು. ನಿಮ್ಮ ಡಾಕ್ಟರ್ ಹೇಳಿದ ಮಿತಿಯೇ ನಿಮ್ಮ ಮಿತಿ.

ಇಷ್ಟನ್ನೂ ರಾತ್ರಿ ಊಟಕ್ಕೆ ಒಟ್ಟಿಗೆ ತಿಂದರೆ ಅಷ್ಟು ಪ್ರಯೋಜನವಿಲ್ಲ. ಒಂದು ಹೊತ್ತಿಗೆ 25 ಗ್ರಾಂನಷ್ಟು ಅಂತ ಮೂರು ಹೊತ್ತಿಗೂ ಹಂಚಿಕೊಳ್ಳಿ. ಬೆಳಿಗ್ಗೆ ನನಗೆ ಎರಡು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ. ಮೊಟ್ಟೆಗೆ 6 ಗ್ರಾಂ, ಹಾಲಿಗೆ 8, ಬೀಜಕ್ಕೆ 7, ಒಟ್ಟು 27. ಮಧ್ಯಾಹ್ನ ಗಟ್ಟಿಯಾಗಿ ಬೇಯಿಸಿದ ಬೇಳೆ ಅಥವಾ ಕಾಳು ತುಂಬ ಒಂದು ಬಟ್ಟಲು, ಜೊತೆಗೆ ಮೊಸರು. ನೀರಾಗಿ ತೆಳ್ಳಗೆ ಮಾಡಿದರೆ ಬಟ್ಟಲು ತುಂಬಿರುತ್ತದೆ, ಬೇಳೆ ಇರುವುದಿಲ್ಲ. ರಾತ್ರಿ ಒಂದು ತುಂಡು ಮೀನು. ಮೀನು, ಮೊಟ್ಟೆ ತಿನ್ನದವರಿಗೆ ಸೋಯಾ ಒಳ್ಳೆಯದು. ಒಣ ಸೋಯಾ ತುಂಡುಗಳಲ್ಲಿ ಅರ್ಧದಷ್ಟು ತೂಕ ಪ್ರೋಟೀನೇ.

ಹಾಗಾದರೆ ಕಡಿಮೆ ಮಾಡುವುದು ಯಾವುದನ್ನು? ಸಕ್ಕರೆ, ಸಿಹಿ ಪಾನೀಯ, ಬಿಸ್ಕತ್ತು, ಕರಿದದ್ದು, ಮತ್ತು ಅನ್ನ, ಚಪಾತಿಯಂಥ ಧಾನ್ಯವನ್ನು ಎರಡನೇ ಸಲ ಬಡಿಸಿಕೊಳ್ಳುವುದು. ನಾನು ತಟ್ಟೆಯ ಅರ್ಧಕ್ಕೆ ತರಕಾರಿ ಹಾಕಿಕೊಂಡು ಆಮೇಲೆ ಉಳಿದದ್ದು ಬಡಿಸಿಕೊಳ್ಳುತ್ತೇನೆ. ತಿಂಗಳಿಗೆ ಅರ್ಧ ಕೆಜಿಯಿಂದ ಒಂದು ಕೆಜಿ ಇಳಿದರೆ ಬೇಕಾದಷ್ಟಾಯಿತು. ಬೇಗ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಬೆಳೆಯುವ ಸಾಧ್ಯತೆಯೂ ಜಾಸ್ತಿ.

ಒಬ್ಬರೇ ಇರುವವರಿಗೆ ಒಂದು ಮಾತು ಹೇಳಲೇಬೇಕು. ನನ್ನ ಯಜಮಾನರು ಹೋದ ಮೇಲೆ ನಾನು ಎಷ್ಟೋ ರಾತ್ರಿ ಟೀ ಬಿಸ್ಕತ್ತಿನಲ್ಲಿ ಮುಗಿಸಿದ್ದೇನೆ. ಒಬ್ಬಳಿಗಾಗಿ ಯಾಕೆ ಒಲೆ ಹಚ್ಚುವುದು ಅನ್ನಿಸುತ್ತದೆ, ಅಲ್ವಾ? ಹೊಟ್ಟೆ ತುಂಬುತ್ತದೆ, ತೂಕ ಏರುತ್ತದೆ, ಮೈಗೆ ಮಾತ್ರ ಏನೂ ಸೇರುವುದಿಲ್ಲ. ಈಗ ಎರಡು ದಿನದ ಕಾಳು ಒಂದೇ ಸಲ ಬೇಯಿಸಿ ಫ್ರಿಜ್ಜಿನಲ್ಲಿಡುತ್ತೇನೆ. ಮೊಟ್ಟೆ ಬೇಯಿಸಿಡುತ್ತೇನೆ. ಹಸಿವಾದಾಗ ಕೈಗೆ ಮೊದಲು ಅದೇ ಸಿಗಬೇಕು. ವಾರದಲ್ಲಿ ಎರಡು ದಿನ ಪಕ್ಕದ ಮನೆಯ ಅಕ್ಕನ ಜೊತೆ ಕೂತು ಊಟ. ಹಲ್ಲಿನ ಸೆಟ್ ಸರಿಯಾಗಿ ಕೂರದೆ ಮೆತ್ತನೆಯದನ್ನೇ ತಿನ್ನುತ್ತಿದ್ದರೆ, ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಅದೂ ಡಯಟ್ಟಿನ ಭಾಗವೇ.

ನೀರಿನ ವಿಷಯಕ್ಕೆ ಬಂದರೆ, ವಯಸ್ಸಾದ ಹಾಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆಯಾಗುತ್ತದೆ. ಬಾಯಾರುವ ತನಕ ಕಾಯಬೇಡಿ. ಬಿ12 ವಿಟಮಿನ್ ಕೂಡ ಹೊಟ್ಟೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಅಥವಾ ಆಸಿಡಿಟಿ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಂತೂ ಇನ್ನೂ ಕಡಿಮೆ. ರಕ್ತ ಪರೀಕ್ಷೆ ಮಾಡಿಸುವಾಗ ಅದನ್ನೂ ಸೇರಿಸಿ.

ಹೊಸ ಹೊಸ ಡಯಟ್ಟುಗಳು

ಇವು ಹೊಸದಲ್ಲ. 1863ರಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ಲಂಡನ್ನಿನ ಶವಸಂಸ್ಕಾರದ ವ್ಯಾಪಾರಿ, ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತಾನು ತೆಳ್ಳಗಾದ ಕಥೆಯನ್ನು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದ. ಆಗ ಅವನಿಗೆ 66 ವರ್ಷ, ನಮ್ಮ ವಯಸ್ಸಿನವನೇ. ಅದು ಎಷ್ಟು ಹಬ್ಬಿತೆಂದರೆ ಡಯಟ್ ಮಾಡುವುದಕ್ಕೇ ಅವನ ಹೆಸರು ಬಂತು. ಅವನು ಮಾಂಸ, ಮೀನು ಬಿಟ್ಟಿರಲಿಲ್ಲ ಅನ್ನುವುದನ್ನು ನಾನು ಮರೆಯುವುದಿಲ್ಲ.

ಧಾನ್ಯ, ಸಕ್ಕರೆ ತೀರಾ ಕಡಿಮೆ ಮಾಡಿ ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೋ ಡಯಟ್ ಹುಟ್ಟಿದ್ದು ತೂಕ ಇಳಿಸಲು ಅಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅದನ್ನು ಮೂರ್ಛೆ ರೋಗಕ್ಕೆ ಸೂಚಿಸಿದರು. ಮೊದಲ ವಾರದಲ್ಲೇ ಎರಡು ಮೂರು ಕೆಜಿ ಇಳಿಯಿತು ಅಂತ ಅದನ್ನು ಮಾಡುವವರು ಹೇಳುತ್ತಾರೆ. ಅದು ಬಹುಪಾಲು ನೀರು. ಮೈಯಲ್ಲಿ ಕೂಡಿಟ್ಟ ಸಕ್ಕರೆಗೆ ಗ್ಲೈಕೋಜನ್ ಅಂತ ಹೆಸರು. ಅದರ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರು ಹಿಡಿದಿಟ್ಟಿರುತ್ತದೆ. ಧಾನ್ಯ ಬಿಟ್ಟ ಕೂಡಲೇ ಅದು ಖಾಲಿಯಾಗಿ ನೀರೂ ಹೋಗುತ್ತದೆ. ಮತ್ತೆ ಊಟ ಮಾಡಿದ ದಿನ ವಾಪಸ್ ಬರುತ್ತದೆ.

16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ ಅನ್ನುವ ಪದ್ಧತಿಯ ಬಗ್ಗೆ 2020ರಲ್ಲಿ ಅಮೆರಿಕದಲ್ಲಿ 116 ಜನರ ಮೇಲೆ ಒಂದು ಪ್ರಯೋಗ ನಡೆಯಿತು. 12 ವಾರದಲ್ಲಿ ಉಪವಾಸದವರು ಇಳಿಸಿದ್ದು ಒಂದು ಕೆಜಿಗಿಂತ ಸ್ವಲ್ಪ ಕಡಿಮೆ. ಮೂರು ಹೊತ್ತು ಉಂಡವರಿಗೂ ಅವರಿಗೂ ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಇರಲಿಲ್ಲ. ಇಳಿದದ್ದರಲ್ಲಿ ಕೊಬ್ಬಲ್ಲದ ಭಾಗ ಜಾಸ್ತಿ ಇತ್ತು. ರಾತ್ರಿ ಬೇಗ ಉಣ್ಣಿ, ಮಲಗುವ ಮುಂಚೆ ತಿನ್ನಬೇಡಿ, ಅದು ಒಳ್ಳೆಯದೇ. ಆದರೆ ಬೆಳಗಿನ ಪ್ರೋಟೀನ್ ಬಿಡಬೇಡಿ.

ಮೈಯೊಳಗಿನ ಕೊಳೆ ತೆಗೆಯುವ ಜ್ಯೂಸಿಗೆ ಸುಮ್ನೆ ದುಡ್ಡು ಹಾಕಬೇಡಿ. ಆ ಕೆಲಸವನ್ನು ಲಿವರ್ ಮತ್ತು ಮೂತ್ರಪಿಂಡ ಮಾಡುತ್ತಲೇ ಇವೆ. ತೂಕ ಇಳಿಸುವ ಚಹಾಗಳಲ್ಲಿ ಎಷ್ಟೋ ಸಲ ಸೋನಾಮುಖಿ ಇರುತ್ತದೆ, ಅಂದರೆ ಭೇದಿ ಔಷಧ. ಅದರಿಂದ ಹೋಗುವುದು ನೀರು ಮತ್ತು ಪೊಟ್ಯಾಸಿಯಂ. ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ.

ಮಾತ್ರೆ ತೆಗೆದುಕೊಳ್ಳುವವರು ಡಯಟ್ ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಹೇಳಿ. ಊಟ ಕಡಿಮೆಯಾದರೆ ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆಗಳಿಂದ ಸಕ್ಕರೆ ತೀರಾ ಇಳಿದುಬಿಡಬಹುದು. ತೂಕ ಇಳಿದ ಹಾಗೆ ಬಿಪಿಯೂ ಇಳಿಯುತ್ತದೆ, ಹಳೆಯ ಡೋಸ್ ಜಾಸ್ತಿಯಾಗಿ ಎದ್ದು ನಿಂತಾಗ ತಲೆ ಸುತ್ತುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚು ಮಾಡಬಾರದು, ಬಿಡಲೂಬಾರದು.

ಬಲದ ವ್ಯಾಯಾಮ

ಬರೀ ವಾಕಿಂಗ್ ಸಾಲದು. 2011ರಲ್ಲಿ ದಪ್ಪ ಇರುವ 107 ಹಿರಿಯರ ಮೇಲೆ ಒಂದು ವರ್ಷ ನಡೆದ ಅಧ್ಯಯನದಲ್ಲಿ, ಬರೀ ಡಯಟ್ ಮಾಡಿದವರಿಗಿಂತ, ಬರೀ ವ್ಯಾಯಾಮ ಮಾಡಿದವರಿಗಿಂತ, ಎರಡನ್ನೂ ಸೇರಿಸಿ ಮಾಡಿದವರ ಮೈ ಚುರುಕಾಯಿತು. ಮಾಂಸಖಂಡವೂ ಅವರಲ್ಲಿ ಬರೀ ಡಯಟ್ಟಿನವರಿಗಿಂತ ಕಡಿಮೆ ಕರಗಿತು. ನಾನು ವಾರಕ್ಕೆ ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು ಮಾಡುತ್ತೇನೆ, ಒಂದೊಂದೂ ಎಂಟು ಹತ್ತು ಸಲ, ಎರಡು ಸುತ್ತು. ಸುಲಭ ಅನ್ನಿಸಿದಾಗ ಕೈಯಲ್ಲಿ ನೀರಿನ ಬಾಟಲಿ ಹಿಡಿಯುತ್ತೇನೆ. ಸುಲಭವಾಗಿಯೇ ಉಳಿದರೆ ಮಾಂಸಖಂಡ ಬೆಳೆಯುವುದಿಲ್ಲ.

ಕಳೆದ ಒಂಬತ್ತು ತಿಂಗಳಿಂದ ನನ್ನ ತೂಕ 69ರಲ್ಲೇ ನಿಂತಿದೆ. ಇನ್ನೂ ಇಳಿಸಲೇ ಅಂತ ಡಾಕ್ಟರನ್ನು ಕೇಳಿದೆ. ಮಂಡಿ ಹೇಗಿದೆ ಅಂದರು. ಮೆಟ್ಟಿಲು ಹತ್ತುತ್ತೇನೆ ಅಂದೆ. ಹಾಗಾದರೆ ಇಲ್ಲೇ ನಿಲ್ಲಿ ಅಂದರು, ನಿಂತಿದ್ದೇನೆ. ಸೊಂಟ 101ರಿಂದ 92ಕ್ಕೆ ಬಂದಿದೆ. ಮೀನಖಂಡ ಈ ತಿಂಗಳು 33. ಅದು 32ಕ್ಕೆ ಬಂದ ತಿಂಗಳು, ತಕ್ಕಡಿ ಏನೇ ತೋರಿಸಲಿ, ಸಂಜೆಗೆ ಇನ್ನೊಂದು ಲೋಟ ಹಾಲು ಸೇರಿಸಿ ಕುರ್ಚಿಯ ವ್ಯಾಯಾಮ ಒಂದು ಸುತ್ತು ಜಾಸ್ತಿ ಮಾಡುತ್ತೇನೆ.